ಅಪ್ಪಾ, ನಿಂಗೆ ಎಂತಕ್ಕೆ ಎಂಟೇ ಬೆರಳು?

ಶೃಂಗೇರಿ ಸಭೆಯ ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗ: ಆದಿಕಾಂಡ 32:22–32, 33:1–14, 47:7–10

ಈ ಮಳೆಯಲ್ಲೂ ಬಂದಿದ್ದೀರಿ, ಅದಕ್ಕೇ ಕರ್ತನಿಗೆ ಸ್ತೋತ್ರ ಹೇಳಬೇಕು. ತಗಡಿನ ಮೇಲೆ ಮಳೆ ಬೀಳೋ ಸದ್ದಿಗೆ ಹಿಂದೆ ಕೂತವರಿಗೆ ಕೇಳಿಸದೇ ಹೋದ್ರೆ ಕೈ ಎತ್ತಿ, ಜೋರಾಗಿ ಹೇಳ್ತೀನಿ. ಬೆಂಗಳೂರಿಂದ ರಜೆಗೆ ಬಂದ ಯೌವನಸ್ಥರು ತುಂಬಾ ಜನ ಕಾಣ್ತಿದ್ದೀರಿ. ಬಾರದೆ ಅಲ್ಲೇ ರೂಮಲ್ಲಿ ಕೂತು ಆಮೇಲೆ ಇದನ್ನು ಓದೋರಿಗೂ ಸೇರಿಸಿಯೇ ಈ ಮಾತು.

ಇವತ್ತು ಸ್ವಲ್ಪ ಮನೆಯ ವಿಷಯದಿಂದ ಶುರು ಮಾಡ್ತೀನಿ. ನನ್ನ ಎಡಗೈ ನೀವೆಲ್ಲ ನೋಡಿದ್ದೀರಿ. ಉಂಗುರದ ಬೆರಳು, ಕಿರುಬೆರಳು ಇಲ್ಲ. ಹತ್ತೊಂಬತ್ತನೇ ವಯಸ್ಸಲ್ಲಿ ಅಡಿಕೆ ಸುಲಿಯೋ ಮಷಿನ್ನಿನ ಬೆಲ್ಟಿಗೆ ಸಿಕ್ಕಿ ಹೋಯ್ತು. ರಾತ್ರಿ ಕೆಲಸ, ನಿದ್ದೆಗಣ್ಣು, ತಪ್ಪು ನಂದೇ. ನಮ್ಮ ಮದುವೆಯಲ್ಲಿ ಉಂಗುರ ಬಲಗೈಗೆ ಹಾಕಿದ್ದು ಯಾಕೆ ಅಂತ ಕೇಳಿದವರಿಗೆಲ್ಲ ಇದೇ ಉತ್ತರ. ಆದ್ರೆ ಒಂದು ವಿಷಯ ನೀವು ಗಮನಿಸಿರಲಿಕ್ಕಿಲ್ಲ. ನಮ್ಮ ಸಭೆಯ ಯಾವ ವಿಡಿಯೋ ತೆಗೆದು ನೋಡಿದ್ರೂ ನನ್ನ ಎಡಗೈ ಬೈಬಲ್ ಕೆಳಗೆ ಇರುತ್ತೆ. ಬೈಬಲ್ ಭಾರ ಅಂತ ಅಲ್ಲ. ಕಾಣಬಾರದು ಅಂತ.

ನನ್ನ ಮಗಳು ಅಂಗನವಾಡಿಗೆ ಹೋಗೋಕೆ ಶುರು ಮಾಡಿದ ವರ್ಷ ಎಣಿಸೋದು ಕಲಿತಳು. ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಎಣಿಸೋಳು. ಚಮಚ, ಚಪ್ಪಲಿ, ತಾರಸಿ ಮೇಲೆ ಒಣಗಿಸಿದ ಬಟ್ಟೆ. ಒಂದು ಸಂಜೆ ನನ್ನ ಮಡಿಲಲ್ಲಿ ಕೂತು ನನ್ನ ಬೆರಳು ಎಣಿಸಿದಳು. ಒಂದು, ಎರಡು, ಮೂರು... ಎಂಟಕ್ಕೆ ಬೆರಳು ಮುಗಿದು ಹೋಯ್ತು. ಮತ್ತೆ ಮೊದಲಿಂದ ಎಣಿಸಿದಳು. ಮತ್ತೆ ಎಂಟು. ಅವಳಿಗೆ ತಾನು ಎಣಿಸಿದ್ದೇ ತಪ್ಪಾಯ್ತು ಅಂತ ಅನುಮಾನ. ತನ್ನ ಬೆರಳು ಎಣಿಸಿ ನೋಡಿದಳು, ಹತ್ತು ಸರಿಯಾಗಿ ಇದೆ. ಆಗ ತಲೆ ಎತ್ತಿ ನನ್ನ ಮುಖ ನೋಡಿ ಕೇಳಿದಳು, "ಅಪ್ಪಾ, ನಿಂಗೆ ಎಂತಕ್ಕೆ ಎಂಟೇ ಬೆರಳು?"

ನೋಡಿ, ನಾಲ್ಕು ವರ್ಷ ಆ ಕೈಯೇ ಅವಳನ್ನ ಎತ್ತಿದೆ, ತೊಳೆದಿದೆ, ಊಟ ಮಾಡಿಸಿದೆ. ಅವಳು ಹುಟ್ಟಿದಾಗಿಂದ ಅಪ್ಪನ ಕೈ ಅಂದ್ರೆ ಅದೇ. ಅದರಲ್ಲಿ ಏನೋ ಕಡಿಮೆ ಇದೆ ಅಂತ ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಕೇಳಿದಾಗಲೂ ಅವಳ ದನಿಯಲ್ಲಿ ಅಸಹ್ಯ ಇರಲಿಲ್ಲ, ಕನಿಕರ ಇರಲಿಲ್ಲ. ಲೆಕ್ಕ ತಾಳೆ ಆಗ್ಲಿಲ್ಲ, ಕೇಳಿದಳು, ಅಷ್ಟೇ. ನಾಚಿಕೆ ಇದ್ದದ್ದು ನನ್ನ ಹತ್ತಿರ. ಮಗುವಿನ ಹತ್ತಿರ ಇರಲಿಲ್ಲ.

ನಾನೇನು ಮಾಡಿದೆ? ಸುಳ್ಳು ಹೇಳಿದೆ. ಪಾಸ್ಟರು ಸುಳ್ಳು ಹೇಳಿದ್ರು ಅಂತ ಬರೆದುಕೊಳ್ಳಿ. "ಹೊಳೆಯಲ್ಲಿ ಮೀನು ಕಚ್ಚಿಕೊಂಡು ಹೋಯ್ತು ಪುಟ್ಟಾ" ಅಂದೆ, ನಕ್ಕೆ, ಕೈ ಎಳೆದುಕೊಂಡೆ. ಅವಳು ನಗಲಿಲ್ಲ. ನಾನು ಅದನ್ನ ಅಲ್ಲಿಗೇ ಮರೆತೆ.

ಬೇಸಿಗೆಯಲ್ಲಿ ಬೆಂಗಳೂರಿಂದ ನೆಂಟರು ಬಂದ್ರು. ಅವರ ಮಕ್ಕಳಿಗೆ ತುಂಗೆಯ ಮೀನು ನೋಡಬೇಕು ಅಂತ ಆಸೆ. ಮಠದ ಹತ್ತಿರ ಹೊಳೆ ದಡದಲ್ಲಿ ಎಷ್ಟು ದೊಡ್ಡ ದೊಡ್ಡ ಮೀನು ಇರ್ತಾವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಂಡಕ್ಕಿ ಹಾಕಿದ್ರೆ ಒಂದರ ಮೇಲೆ ಒಂದು ಹತ್ತಿ ಬರ್ತಾವೆ. ಎಲ್ಲಾ ಮಕ್ಕಳೂ ಮೆಟ್ಟಿಲ ಮೇಲೆ ಕೂತು ಹಾಕ್ತಿದ್ದಾರೆ. ನಾನೂ ಬಗ್ಗಿ ಎಡಗೈಯಲ್ಲಿ ಮಂಡಕ್ಕಿ ಹಿಡಿದೆ. ನನ್ನ ಮಗಳು ಓಡಿ ಬಂದು ಆ ಕೈಯನ್ನ ಎರಡೂ ಕೈಯಲ್ಲಿ ಹಿಡಿದು ಎಳೆದು, ಅಲ್ಲಿದ್ದವರೆಲ್ಲ ತಿರುಗಿ ನೋಡೋ ಹಾಗೆ ಕಿರುಚಿದಳು. ಉಳಿದದ್ದನ್ನೂ ತಿಂದು ಬಿಡ್ತಾವೆ ಅಂತ. ಮೂರು ತಿಂಗಳು, ಪ್ರಿಯರೇ, ಮೂರು ತಿಂಗಳು ಆ ಮಗು ಆ ಭಯವನ್ನ ಹೊಟ್ಟೆಯಲ್ಲಿ ಇಟ್ಕೊಂಡಿತ್ತು. ನನಗೆ ಎರಡು ನಿಮಿಷದ ಮುಜುಗರ ತಪ್ಪಿಸಿಕೊಳ್ಳಬೇಕಿತ್ತು, ಅದರ ಬಡ್ಡಿ ಕಟ್ಟಿದ್ದು ಅವಳು.

ಅವತ್ತು ರಾತ್ರಿ ನಿಜ ಹೇಳಿದೆ. ಮಷಿನ್ನು, ಬೆಲ್ಟು, ಆಸ್ಪತ್ರೆ. ಮೀನಿನ ತಪ್ಪಿಲ್ಲ, ಅಪ್ಪ ಸುಳ್ಳು ಹೇಳಿದ್ದು, ಕ್ಷಮಿಸು ಅಂದೆ. ಆಮೇಲೆ ಅವಳ ಪ್ರಶ್ನೆಗಳು ಒಂದರ ಹಿಂದೆ ಒಂದು. ನೋವಾಯ್ತಾ? ಆಯ್ತು. ಅತ್ತೆಯಾ? ಅತ್ತೆ. ಆ ಬೆರಳು ಈಗ ಎಲ್ಲಿದೆ? ಇದಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ. ಮತ್ತೆ ಬೆಳೀತಾವಾ? ಇಲ್ಲ ಪುಟ್ಟಾ, ಬೆಳೆಯಲ್ಲ. ಕೊನೆಗೆ ಒಂದು ಕೇಳಿದಳು, "ಯೇಸಪ್ಪ ಕೊಡಲ್ವಾ?"

ಇಲ್ಲಿ ನಿಮ್ಮಲ್ಲಿ ಕೆಲವರು ಮುಖ ಕೆಳಗೆ ಹಾಕಿದ್ರಿ. ಗೊತ್ತಾಯ್ತು ನನಗೆ. ಯಾಕಂದ್ರೆ ನಾವು ಸ್ವಸ್ಥತೆ ನಂಬೋ ಜನ. ಈ ವೇದಿಕೆ ಮೇಲೆ ನಾನೇ ಎಷ್ಟು ಸಲ ಹೇಳಿಲ್ಲ? ಬೇರೆಯವರ ತಲೆ ಮೇಲೆ ಇದೇ ಕೈ ಇಟ್ಟು ಪ್ರಾರ್ಥನೆ ಮಾಡಿದ್ದೇನೆ, ಜ್ವರ ಬಿಟ್ಟದ್ದು ನೋಡಿದ್ದೇನೆ, ಡಾಕ್ಟರು ಕೈ ಬಿಟ್ಟವರು ಎದ್ದು ಸಾಕ್ಷಿ ಹೇಳಿದ್ದು ನೋಡಿದ್ದೇನೆ. ಅದನ್ನ ಇವತ್ತೂ ಅಲ್ಲಗಳೆಯಲ್ಲ. ಆದ್ರೆ ಆ ಪ್ರಶ್ನೆ ಮುಂದೆ ನಾನು ಸುಮ್ಮನಾದೆ. "ಕೊಡ್ತಾನೆ ಅಂತ ಮಾತು ಕೊಟ್ಟಿದ್ದಾನೆ, ಪುನರುತ್ಥಾನದ ದಿನ. ಅದಕ್ಕೆ ಮುಂಚೆ ಕೊಡ್ತಾನೋ ಇಲ್ವೋ ಅಪ್ಪಂಗೆ ಗೊತ್ತಿಲ್ಲ" ಅಂದೆ. ಅವಳಿಗೆ ಅದು ಸಾಕಾಯ್ತು. ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿ ಆದಿಕಾಂಡ ತೆಗೆದೆ. ಯಾಕೋಬನ ಕಥೆ. ಎಷ್ಟು ಸಲ ಬೋಧಿಸಿದ್ದೇನೆ ಅದನ್ನ, ಆದ್ರೆ ಆ ಕಥೆಯಲ್ಲಿ ಮಕ್ಕಳಿದ್ದಾರೆ ಅಂತ ಅವತ್ತಿನವರೆಗೆ ನಾನು ನೋಡಿರಲೇ ಇಲ್ಲ.

ಬೈಬಲ್ ತೆರೀರಿ. ಮೊಬೈಲಲ್ಲಿ ಆದ್ರೂ ಸರಿ, ವಾಟ್ಸಾಪ್ ಮಾತ್ರ ಬೇಡ.

ಆದಿಕಾಂಡ 32. ಯಬ್ಬೋಕ್ ಹೊಳೆ. ಯಾಕೋಬ ರಾತ್ರೋರಾತ್ರಿ ಹೆಂಡತಿಯರನ್ನ, ದಾಸಿಯರನ್ನ, ಹನ್ನೊಂದು ಜನ ಗಂಡುಮಕ್ಕಳನ್ನ ಹೊಳೆ ದಾಟಿಸಿದ. ತಾನೊಬ್ಬನೇ ಹಿಂದೆ ಉಳಿದ. ಬೆಳಗಾಗೋ ತನಕ ಒಬ್ಬ ಪುರುಷ ಅವನ ಜೊತೆ ಹೋರಾಡಿದ, ತೊಡೆಯ ಕೀಲು ಮುಟ್ಟಿದ, ಕೀಲು ತಪ್ಪಿತು. ಸೂರ್ಯ ಹುಟ್ಟೋ ಹೊತ್ತಿಗೆ ಯಾಕೋಬ ಕುಂಟುತ್ತಾ ಪೆನೀಯೇಲ್ ದಾಟಿ ಬಂದ. ಇಷ್ಟನ್ನ ನಾವೆಲ್ಲ ಬಲ್ಲೆವು. ಸಂಡೇ ಸ್ಕೂಲಲ್ಲಿ ನಾಟಕ ಕೂಡ ಆಡಿದ್ದೀವಿ.

ಆ ಕಡೆ ದಡದಲ್ಲಿ ಕಾಯ್ತಾ ಇದ್ದವರು ಯಾರು? ಮಕ್ಕಳು. ಅವರಲ್ಲಿ ಚಿಕ್ಕವನು ಯೋಸೇಫ. ಅವನಿಗೆ ಎಷ್ಟು ವಯಸ್ಸು? ಲೆಕ್ಕ ಹಾಕೋಣ, ಬೈಬಲ್ಲಲ್ಲೇ ಇದೆ. 30ನೇ ಅಧ್ಯಾಯದಲ್ಲಿ ರಾಹೇಲಳು ಯೋಸೇಫನನ್ನ ಹೆತ್ತ ಮೇಲೆ ಯಾಕೋಬ ಲಾಬಾನನ ಹತ್ತಿರ ಹೋಗಿ ನನ್ನನ್ನ ಊರಿಗೆ ಕಳಿಸಿಕೊಡು ಅಂತ ಕೇಳ್ತಾನೆ. ಲಾಬಾನ ಬಿಡಲ್ಲ. 31:41 ನೋಡಿ, ಹೆಣ್ಣುಮಕ್ಕಳಿಗೋಸ್ಕರ ಹದಿನಾಲ್ಕು ವರ್ಷ, ಕುರಿಮಂದೆಗೋಸ್ಕರ ಆರು ವರ್ಷ ದುಡಿದೆ ಅಂತ ಲೆಕ್ಕ ಒಪ್ಪಿಸ್ತಾನೆ. ಆ ಆರು ವರ್ಷ ಯೋಸೇಫ ಹುಟ್ಟಿದ ಮೇಲಿನದು. ಅಂದ್ರೆ ಯಬ್ಬೋಕ್ ದಡದಲ್ಲಿ ನಿಂತ ಯೋಸೇಫನಿಗೆ ಸುಮಾರು ಆರು ವರ್ಷ. ಒಂದನೇ ಕ್ಲಾಸಿನ ಹುಡುಗ.

ರಾತ್ರಿ ತನ್ನನ್ನ ಹೊಳೆ ದಾಟಿಸಿದ ಅಪ್ಪ ಸರಿಯಾಗೇ ಇದ್ದ. ಬೆಳಿಗ್ಗೆ ನೋಡಿದ್ರೆ ಒಂದು ಕಾಲು ಎಳೀತಾ ಬರ್ತಿದ್ದಾನೆ. ಆರು ವರ್ಷದ ಹುಡುಗ ಏನು ಕೇಳ್ತಾನೆ ಅಂತ ನಾನು ನಿಮಗೆ ಹೇಳಬೇಕಾ? ಬೈಬಲ್ ಆ ಪ್ರಶ್ನೆ ಬರೆದಿಲ್ಲ. ನಾನೂ ಸೇರಿಸಲ್ಲ. ಆದ್ರೆ 24ನೇ ವಚನದಲ್ಲಿ ಒಂದು ಮಾತಿದೆ, ಯಾಕೋಬ ಒಬ್ಬಂಟಿಯಾಗಿದ್ದ ಅಂತ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಲೇಯ ನೋಡಲಿಲ್ಲ, ರಾಹೇಲ ನೋಡಲಿಲ್ಲ, ಕುರಿ ಕಾಯೋ ಆಳು ನೋಡಲಿಲ್ಲ. ಹಾಗಾದ್ರೆ ಈ ಕಥೆ ಮನೆಯವರಿಗೆ ಹೇಗೆ ಗೊತ್ತಾಯ್ತು? ಪವಿತ್ರಾತ್ಮನ ಪ್ರೇರಣೆಯಿಂದ ಬರೆದ ಗ್ರಂಥ ಇದು, ಆಮೆನ್. ಆದ್ರೆ ಮೋಶೆ ಬರೆಯೋಕೆ ಎಷ್ಟೋ ಮುಂಚೆ ಆ ಮನೆಯಲ್ಲಿ ಈ ಸಂಗತಿ ಗೊತ್ತಿತ್ತು. 32ನೇ ವಚನ ನೋಡಿ. ಆ ಕಾರಣದಿಂದ ಇಸ್ರಾಯೇಲ್ಯರು ತೊಡೆಯ ಕೀಲಿನ ಮೇಲಿನ ನರವನ್ನ ತಿನ್ನೋದಿಲ್ಲ ಅಂತ ಇದೆ. ಅಡುಗೆಮನೆಗೂ ಬಂತು ಅಪ್ಪನ ಕುಂಟು! ಮಾಂಸ ಮಾಡಿದ ದಿನವೆಲ್ಲ ಯಾವುದೋ ಒಂದು ಮಗು ಕೇಳಿರುತ್ತೆ, ಇದನ್ನ ಯಾಕೆ ತೆಗೆದು ಹಾಕ್ತೀರಿ ಅಂತ. ಆಗ ಹಿರಿಯರು ಮತ್ತೆ ಆ ರಾತ್ರಿಯ ಕಥೆ ಹೇಳಿರಬೇಕು. ಮೊದಲನೇ ಸಲ ಹೇಳಿದವನು ಯಾರು? ಅಲ್ಲಿದ್ದವನೊಬ್ಬನೇ. ಅಪ್ಪ.

ಆ ಕಥೆಯನ್ನ ಹೇಳೋದು ಯಾಕೋಬನಿಗೆ ಸುಲಭ ಇತ್ತು ಅನ್ಕೋಬೇಡಿ. ಅಣ್ಣನಿಗೆ ಹೆದರಿ ರಾತ್ರಿ ನಿದ್ದೆಗೆಟ್ಟದ್ದು ಹೇಳಬೇಕು. ನಿನ್ನ ಹೆಸರೇನು ಅಂತ ಕೇಳಿದಾಗ ಯಾಕೋಬ ಅಂತ ಒಪ್ಪಿಕೊಂಡದ್ದು ಹೇಳಬೇಕು, ಆ ಹೆಸರಿನ ಹಿಂದೆ ಮೋಸದ ಕಥೆ ಇದೆ. ಹೇಳಿದ. ಮೀನು ಕಚ್ಚಿತು ಅನ್ನಲಿಲ್ಲ, ನನ್ನ ಹಾಗೆ.

ಮುಂದೆ 33ನೇ ಅಧ್ಯಾಯ. ಏಸಾವ ನಾನೂರು ಜನರ ಜೊತೆ ಬರ್ತಿದ್ದಾನೆ. ಯಾಕೋಬ ದಾಸಿಯರನ್ನ ಅವರ ಮಕ್ಕಳನ್ನ ಮುಂದೆ, ಲೇಯ ಮತ್ತು ಮಕ್ಕಳನ್ನ ಅವರ ಹಿಂದೆ, ರಾಹೇಲ ಯೋಸೇಫರನ್ನ ಕೊನೆಗೆ ನಿಲ್ಲಿಸಿದ. ಆಮೇಲೆ ಏನು ಮಾಡಿದ? ತಾನು ಎಲ್ಲರಿಗಿಂತ ಮುಂದೆ ಹೋದ. ಏಳು ಸಲ ನೆಲದ ತನಕ ಬಗ್ಗಿದ. ಸೊಂಟದ ಕೀಲು ತಪ್ಪಿದವನು ಏಳು ಸಲ ಬಗ್ಗಿ ಏಳೋದು ಅಂದ್ರೆ ಏನು ಅಂತ ನಿಮ್ಮ ಮನೆಯಲ್ಲಿ ಸೊಂಟ ನೋವಿರೋ ಅಜ್ಜಿಯನ್ನ ಕೇಳಿ. ಯೋಸೇಫ ಸಾಲಿನ ಕೊನೆಯಲ್ಲಿ ನಿಂತು ಅದನ್ನೆಲ್ಲ ನೋಡಿದ. ನಿನ್ನೆಯ ತನಕ ನೆಟ್ಟಗಿದ್ದ ಅಪ್ಪ ಇವತ್ತು ಕುಂಟುತ್ತಿದ್ದಾನೆ, ಆದ್ರೆ ನಿನ್ನೆ ಎಲ್ಲರ ಹಿಂದೆ ಉಳಿದಿದ್ದ ಅಪ್ಪ ಇವತ್ತು ಎಲ್ಲರ ಮುಂದೆ ಇದ್ದಾನೆ.

ಆಶೀರ್ವಾದ ಸಿಕ್ಕಿದ್ದೂ ಆ ರಾತ್ರಿಯೇ, ಕುಂಟು ಬಂದದ್ದೂ ಆ ರಾತ್ರಿಯೇ. ನಾವು ಪೆಂಟೆಕೋಸ್ಟಿನವರು ಇದರ ಮೊದಲರ್ಧಕ್ಕೆ ಜೋರಾಗಿ ಹಲ್ಲೆಲೂಯ ಹೇಳ್ತೀವಿ. ಎರಡನೇ ಅರ್ಧ ಬಂದಾಗ ಕೀಬೋರ್ಡಿನವರಿಗೆ ಸನ್ನೆ ಮಾಡ್ತೀವಿ, ಹಾಡು ಶುರು ಮಾಡಿ ಅಂತ.

ಈಗ ಇನ್ನೊಂದು ಮನೆಯ ವಿಷಯ. ಆ ಮನೆಯವರ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ, ಊರು ಹೆಸರು ಹೇಳಲ್ಲ. ಹಂದಿಗೋಡು ಕಾಯಿಲೆ ಅಂತ ಕೇಳಿದ್ದೀರಾ? ಮಲೆನಾಡಲ್ಲಿ ಹುಟ್ಟಿ ಬೆಳೆದ ನಿಮಗೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಸಾಗರದ ಹತ್ತಿರ ಹಂದಿಗೋಡು ಅಂತ ಊರು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಈ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮೊಣಕಾಲು ನೋವು. ವರ್ಷ ಕಳೆದ ಹಾಗೆ ನಡಿಗೆ ವಾಲುತ್ತೆ, ಕೆಲವರು ಕುಳ್ಳಗೇ ಉಳೀತಾರೆ, ಕೆಲವರಿಗೆ ನೆಟ್ಟಗೆ ನಿಲ್ಲೋಕೇ ಆಗಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿ 1977ರಲ್ಲಿ ಇದರ ಬಗ್ಗೆ ಬರೆದ್ರು. ಗದ್ದೆಗೆ ಹೊಡೆದ ವಿಷ ಏಡಿಗೆ ಸೇರಿ, ಆ ಏಡಿ ತಿಂದವರಿಗೆ ಬಂತು ಅಂತ ಒಂದು ಕಾಲದಲ್ಲಿ ಊಹೆ ಇತ್ತು. ಆಮೇಲೆ ಗೊತ್ತಾದದ್ದು, ಇದು ರಕ್ತಸಂಬಂಧದಲ್ಲಿ ಇಳಿದು ಬರೋ ಮೂಳೆಯ ತೊಂದರೆ ಅಂತ. ಅಪ್ಪನಿಗೋ ಅಮ್ಮನಿಗೋ ಇದ್ರೆ ಮಕ್ಕಳಿಗೆ ಬರಬಹುದು, ಬಾರದೆಯೂ ಇರಬಹುದು. ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಶಿವಮೊಗ್ಗ ಜಿಲ್ಲೆ ಮಾತ್ರ ಅಲ್ಲ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಇದೆ.

ಅಂಥ ಒಂದು ಮನೆಗೆ ಪ್ರಾರ್ಥನೆಗೆ ಹೋಗಿದ್ದೆ. ಆ ಅಣ್ಣನಿಗೆ ನನಗಿಂತ ನಾಲ್ಕೈದು ವರ್ಷ ಜಾಸ್ತಿ ಇರಬಹುದು, ಕೋಲು ಹಿಡಿದು ನಡೀತಾರೆ, ಹೆಜ್ಜೆ ಹೆಜ್ಜೆಗೂ ದೇಹ ಆ ಕಡೆ ಈ ಕಡೆ ವಾಲುತ್ತೆ. ಅವರ ಮಗನಿಗೆ ಆರು ವರ್ಷ. ನೋಡಿ, ಮತ್ತೆ ಆರು. ನಾವು ಜಗಲಿಯಲ್ಲಿ ಕೂತಿದ್ದೀವಿ, ಆ ಹುಡುಗ ಅಂಗಳದಲ್ಲಿ ಒಂದು ಕಡ್ಡಿ ಹಿಡಿದು ಅಪ್ಪನ ಹಾಗೇ ವಾಲಿಕೊಂಡು ನಡೀತಾ ಆಟ ಆಡ್ತಿದ್ದ. ಅಜ್ಜಿ ಎದ್ದು ಬಂದು ಬೆನ್ನ ಮೇಲೆ ಒಂದು ಕೊಟ್ರು. "ಹಾಗೆ ಮಾಡಬಾರ್ದು, ಹಾಗೇ ಆಗೋಗ್ತೀಯ!" ಹುಡುಗ ಅಳಲಿಲ್ಲ. ಕಡ್ಡಿ ಕೆಳಗೆ ಹಾಕಿ ಅಪ್ಪನ ಹತ್ತಿರ ಬಂದು ಕೇಳಿದ, "ಅಪ್ಪಾ, ನಂಗೂ ಹೀಗಾಗುತ್ತಾ?"

ನನಗೆ ತಡೆಯೋಕಾಗ್ಲಿಲ್ಲ. ಆ ಅಪ್ಪ ಬಾಯಿ ತೆರೆಯೋ ಮುಂಚೆ ನಾನು ಎದ್ದು ಹುಡುಗನ ತಲೆ ಮೇಲೆ ಕೈ ಇಟ್ಟೆ. "ಆಗಲ್ಲ! ಯೇಸುವಿನ ನಾಮದಲ್ಲಿ ಆಗಲ್ಲ! ಈ ಮನೆಯ ಶಾಪ ಇವತ್ತಿಗೆ ಮುರಿಯಿತು!" ಅಂತ ಗದರಿಸಿ ಪ್ರಾರ್ಥನೆ ಮಾಡಿದೆ. ಅಜ್ಜಿ ಆಮೆನ್ ಅಂದ್ರು. ನನಗೆ ಒಳ್ಳೆ ಕೆಲಸ ಮಾಡಿದೆ ಅಂತಲೇ ಅನ್ನಿಸ್ತು. ಹೊರಡೋವಾಗ ಆ ಅಣ್ಣ ಕೋಲೂರಿಕೊಂಡು ತಡಮೆ ತನಕ ಬಂದ್ರು. ಮೆಲ್ಲಗೆ ಹೇಳಿದ್ರು, "ಪಾಸ್ಟರೇ, ಬೇಜಾರು ಮಾಡ್ಕೋಬೇಡಿ. ನಾನು ಇವನಷ್ಟು ಇರೋವಾಗ ನಮ್ಮಪ್ಪನ ಎದುರಿಗೆ ನನಗೂ ಒಬ್ಬರು ಇದೇ ಮಾತು ಹೇಳಿದ್ರು. ನನಗೆ ಕಾಲು ನೋವು ಶುರುವಾದಾಗ ಎರಡು ವರ್ಷ ಯಾರಿಗೂ ಹೇಳಲಿಲ್ಲ ನಾನು. ಹೇಳಿದ್ರೆ ನನ್ನ ನಂಬಿಕೆ ಹೋಗಿದೆ ಅಂತ ಆಗುತ್ತಲ್ಲ."

ಬೈಕ್ ಸ್ಟಾರ್ಟ್ ಮಾಡೋಕೆ ಆಗ್ಲಿಲ್ಲ ನನಗೆ. ಹತ್ತು ವರ್ಷದ ಒಬ್ಬ ಹುಡುಗ ನೋವು ನುಂಗಿಕೊಂಡು ನೆಟ್ಟಗೆ ನಡೆಯೋಕೆ ಪ್ರಯತ್ನ ಪಡೋದು ಕಣ್ಣ ಮುಂದೆ ಬಂತು. ಯಾಕೆ? ಒಬ್ಬ ದೇವರ ಸೇವಕ ದೇವರು ಹೇಳದ ಮಾತನ್ನ ದೇವರ ಹೆಸರಲ್ಲಿ ಹೇಳಿದ್ದಕ್ಕೆ. ಇನ್ನೊಂದು ಮಾತೂ ಆಡಿದ್ದೆ ನಾನು, ಅದು ಇದಕ್ಕಿಂತ ಕೆಟ್ಟದ್ದು. ಶಾಪ. ಆ ಹುಡುಗನ ಕಣ್ಣಲ್ಲಿ ಅವನ ಅಪ್ಪನ ಸೊಂಟ ಅವತ್ತಿನ ತನಕ ಬರೀ ಅಪ್ಪನ ಸೊಂಟ. ನಾನು ಹೋದ ಮೇಲೆ ಅದು ಶಾಪ.

ಯೋಹಾನ 9ರಲ್ಲಿ ಶಿಷ್ಯರು ಹುಟ್ಟುಕುರುಡನನ್ನ ನೋಡಿ ಇದನ್ನೇ ಕೇಳಿದ್ದು. ಯಾರ ಪಾಪ, ಇವನದೋ, ಇವನ ತಂದೆತಾಯಿಯದೋ? ಯೇಸು ಎರಡೂ ಅಲ್ಲ ಅಂದ. ನಾನು ಬೈಬಲ್ ಕಾಲೇಜಲ್ಲಿ ಈ ಅಧ್ಯಾಯದ ಮೇಲೆ ಪರೀಕ್ಷೆ ಬರೆದು ಒಳ್ಳೇ ಮಾರ್ಕ್ಸ್ ತಗೊಂಡಿದ್ದೆ, ಮಾರಾಯ್ರೆ! ಆ ಅಂಗಳದಲ್ಲಿ ಅದು ನೆನಪಿಗೆ ಬರಲಿಲ್ಲ. "ಇಂಥ ಕಾಯಿಲೆ ಇಟ್ಕೊಂಡು ಇವರು ಮಕ್ಕಳನ್ನ ಯಾಕೆ ಮಾಡ್ಕೊಂಡ್ರು" ಅಂತ ಹೇಳೋರೂ ನಮ್ಮ ಮಧ್ಯೆ ಇದ್ದಾರೆ. ಆ ಹುಡುಗ ಕಡ್ಡಿ ಹಿಡಿದು ಆಡ್ತಿರೋ ಅಂಗಳದಲ್ಲಿ ನಿಂತು ಆ ಮಾತು ಹೇಳಿ ನೋಡೋಣ.

ಮುಂದಿನ ವಾರ ಮತ್ತೆ ಹೋದೆ. ಕ್ಷಮೆ ಕೇಳಿದೆ, ಹುಡುಗನ ಎದುರಿಗೇ. ಅಷ್ಟರಲ್ಲಿ ಆ ಅಣ್ಣ ತಾವೇ ಮಗನಿಗೆ ಉತ್ತರ ಕೊಟ್ಟಾಗಿತ್ತು. ಏನು ಹೇಳಿದ್ರಿ ಅಂತ ಕೇಳಿದೆ. "ಆಗಬಹುದು, ಆಗದೇನೂ ಇರಬಹುದು ಅಂದೆ. ಕಾಲು ನೋವಾದ್ರೆ ಮೊದಲು ನನಗೇ ಹೇಳು, ಯಾವ ಕಡೆ ನೋವು ಅಂತ ಈ ಮನೆಯಲ್ಲಿ ನನ್ನಷ್ಟು ಗೊತ್ತಿರೋರು ಯಾರೂ ಇಲ್ಲ ಅಂದೆ." ಹುಡುಗ ಏನಂದ? "ಆಗ ನಂಗೂ ಕೋಲು ಬೇಕಲ್ಲ, ನಿಂಗಿಂತ ಸಣ್ಣದು, ಅಂದ." ಇಬ್ಬರೂ ನಕ್ಕರಂತೆ. ಯಾವ ಬೈಬಲ್ ಕಾಲೇಜಿಗೂ ಹೋಗದ ಮನುಷ್ಯ, ನೋಡಿ.

ನಾವು ಅವರಿಗೋಸ್ಕರ ಪ್ರಾರ್ಥನೆ ನಿಲ್ಲಿಸಿಲ್ಲ. ಅದನ್ನ ಸ್ಪಷ್ಟವಾಗಿ ಹೇಳ್ತೀನಿ, ಆಮೇಲೆ ಪಾಸ್ಟರು ಸ್ವಸ್ಥತೆ ನಂಬೋದು ಬಿಟ್ರು ಅಂತ ಯಾರೂ ಹೇಳಬಾರದು. ತಿಂಗಳಿಗೊಮ್ಮೆ ಹೋಗ್ತೀನಿ, ಎಣ್ಣೆ ಹಚ್ಚಿ ಕೈ ಇಟ್ಟು ಕೇಳ್ತೀನಿ. ದೇವರು ಇವತ್ತು ಎಬ್ಬಿಸಿ ನಡೆಸಿದ್ರೆ ಮೊದಲು ಕುಣಿಯೋನು ನಾನು. ಜೊತೆಗೆ ನಮ್ಮ ಯುವಕರಲ್ಲಿ ಇಬ್ಬರು ಕೂತು ಅವರಿಗೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದ್ರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಪಟ್ಟಿ ಮಾಡಿದ್ದಾರೆ, ಚಲನೆಯ ತೊಂದರೆ, ಕುಬ್ಜತೆ ಎರಡೂ ಅದರಲ್ಲಿವೆ. ಕಾರ್ಡು ಮಾಡಿಸೋದು ಅವಿಶ್ವಾಸ ಅಲ್ಲ. ಮಗನ ಕಾಲನ್ನ ಡಾಕ್ಟರಿಗೆ ತೋರಿಸೋದೂ ಅಲ್ಲ. ಯಾಕೋಬ ಕೊನೆ ತನಕ ಕೋಲು ಊರಿದ. ಇಬ್ರಿಯ 11:21ರಲ್ಲಿ ನಂಬಿಕೆಯ ವೀರರ ಸಾಲಲ್ಲಿ ಅವನನ್ನ ಹೇಳೋವಾಗ ಆ ಕೋಲಿನ ಸಮೇತ ಹೇಳಿದೆ. ಕೋಲು ಬಿಸಾಡಿದ ಮೇಲೆ ಪಟ್ಟಿಗೆ ಸೇರಿಸಿದ್ದಲ್ಲ.

ಇಷ್ಟು ಹೊತ್ತು ಸಣ್ಣ ಮಕ್ಕಳ ವಿಷಯ ಅಂತ ಆರಾಮಾಗಿ ಕೂತಿದ್ದೀರಲ್ಲ ಯೌವನಸ್ಥರೇ, ಈಗ ನಿಮ್ಮ ಹತ್ತಿರ ಬರ್ತೀನಿ. ನಾಲ್ಕು ವರ್ಷದ ಮಗು ಕೇಳುತ್ತೆ. ಹತ್ತು ವರ್ಷಕ್ಕೆ ಕೇಳೋದು ನಿಲ್ಲಿಸುತ್ತೆ, ಯಾಕಂದ್ರೆ ಕೇಳಿದಾಗಲೆಲ್ಲ ಶ್ಶ್ ಅಂದಿದ್ದೀವಿ. ಹದಿನಾರಕ್ಕೆ ಮುಚ್ಚಿಡೋಕೆ ಕಲಿಯುತ್ತೆ. ಇಪ್ಪತ್ತಮೂರಕ್ಕೆ ಬೆಂಗಳೂರಲ್ಲಿ ಕೆಲಸ ಸಿಗುತ್ತೆ. ನಮ್ಮ ಊರಿನ ಹೆಸರು ಬಂದಿದ್ದೇ ತಲೆ ಮೇಲೆ ಕೊಂಬಿದ್ದ ಋಷ್ಯಶೃಂಗನ ಕಥೆಯಿಂದ ಅಂತ ಊರವರು ಹೇಳ್ತಾರೆ. ಊರಿನ ಹೆಸರಲ್ಲೇ ಒಬ್ಬನ ಮೈಯ ಗುರುತು ಇಟ್ಕೊಂಡ ನಾವು ಮನೆಯವರ ಮೈಯ ಗುರುತಿಗೆ ಬಾಗಿಲು ಹಾಕ್ತೀವಿ.

ಒಬ್ಬಳು ತಂಗಿ ಫೋನ್ ಮಾಡಿ ಅತ್ತಳು. ಅವಳ ಅಮ್ಮನಿಗೆ ಕೈ ಮೇಲೆ, ಕುತ್ತಿಗೆ ಮೇಲೆ ತೊನ್ನು. ಅಂಟೋದಲ್ಲ, ಪಾಪದಿಂದ ಬಂದದ್ದಲ್ಲ, ಎಲ್ಲರಿಗೂ ಗೊತ್ತು, ಆದ್ರೂ. ಮದುವೆ ಮಾತುಕತೆಗೆ ಹುಡುಗನ ಕಡೆಯವರು ಬರೋ ದಿನ ಇವಳು ಅಮ್ಮಂಗೆ ಉದ್ದ ತೋಳಿನ ರವಿಕೆ ಹಾಕ್ಕೋ, ಸೆರಗು ಹೊದ್ದುಕೋ ಅಂದಳಂತೆ. ಏಪ್ರಿಲ್ ತಿಂಗಳು. ಅಮ್ಮ ಒಂದು ಮಾತೂ ಆಡದೆ ಹಾಕ್ಕೊಂಡ್ರು. ಬಂದವರಿಗೆ ಕಾಫಿ ಕೊಡೋಕೆ ಹೊರಗೆ ಬರಲೇ ಇಲ್ಲ, ಒಳಗಿಂದ ಲೋಟ ಕೊಟ್ಟು ಕಳಿಸಿದ್ರು. "ಪಾಸ್ಟರೇ, ಅದೇ ಕೈಯ ಬಿಳಿ ಮಚ್ಚೆಗಳನ್ನ ನಾನು ಚಿಕ್ಕವಳಿದ್ದಾಗ ಮೋಡ ಅಂತಿದ್ದೆ, ಬೆರಳಲ್ಲಿ ಸುತ್ತ ಗೆರೆ ಎಳೀತಿದ್ದೆ" ಅಂತ ಹೇಳಿ ಅತ್ತಳು. ನಾನು ಅವಳಿಗೆ ಬೈಯಲಿಲ್ಲ. ಬೈಯೋಕೆ ನನ್ನ ಎಡಗೈ ಎಲ್ಲಿತ್ತು? ಬೈಬಲ್ ಕೆಳಗೆ.

ಈಗ 47ನೇ ಅಧ್ಯಾಯ ತೆರೀರಿ. ಆರು ವರ್ಷದ ಆ ಯೋಸೇಫ ಈಗ ಐಗುಪ್ತದ ಅಧಿಕಾರಿ. ಫರೋಹನ ನಂತರ ಅವನೇ. ನಿಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ಯಾಕೇಜ್, ಕಾರು, ಎಲ್ಲಾ ಇದೆ. ಅಪ್ಪ ಹಳ್ಳಿಯಿಂದ ಬಂದಿದ್ದಾನೆ. ಕುರಿ ಕಾಯೋನು. ಐಗುಪ್ತದವರಿಗೆ ಕುರಿ ಕಾಯೋರಂದ್ರೆ ಅಸಹ್ಯ, ಅದು 46ರ ಕೊನೆಯ ವಚನದಲ್ಲೇ ಇದೆ. ವಯಸ್ಸು 130. ಸೊಂಟ ಹೋಗಿದೆ. ಒಂದು ಒಳ್ಳೇ ಮನೆ ಮಾಡಿಕೊಟ್ಟು, ತಿಂಗಳಾ ತಿಂಗಳಾ ದುಡ್ಡು ಕಳಿಸಿ, ವಿಡಿಯೋ ಕಾಲ್ ಮಾಡಿಕೊಂಡು ಇರಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಯೋಸೇಫ ಅಪ್ಪನನ್ನ ಕರೆದುಕೊಂಡು ಬಂದು ಫರೋಹನ ಎದುರಿಗೆ ನಿಲ್ಲಿಸಿದ. 7ನೇ ವಚನ.

ಆ ಅರಮನೆ ಎಷ್ಟು ಉದ್ದ ಇತ್ತೋ ಏನೋ. ಬಾಗಿಲಿಂದ ಸಿಂಹಾಸನದ ತನಕ ಆ ಮುದುಕ ಕುಂಟುತ್ತಾ ನಡೆದು ಹೋಗಿರಬೇಕು, ಪಕ್ಕದಲ್ಲಿ ಅದೇ ವೇಗದಲ್ಲಿ ಮಗ. ಯಾಕೆ ಅದೇ ವೇಗ ಅಂತೀನಿ ಅಂದ್ರೆ, 33:14ಕ್ಕೆ ಹಿಂದೆ ಹೋಗಿ. ಅವತ್ತು ಏಸಾವ ಬಾ ಜೊತೆಗೆ ಹೋಗೋಣ ಅಂದಾಗ ಯಾಕೋಬ ಏನಂದ? ಮಕ್ಕಳು ಎಳೆಯರು, ಮಕ್ಕಳ ನಡಿಗೆಗೆ ತಕ್ಕ ಹಾಗೆ ನಾನು ನಿಧಾನ ಬರ್ತೀನಿ ಅಂದ. ಬಹುಶಃ ತನ್ನ ಕಾಲಿಗೂ ಅದೇ ಬೇಕಿತ್ತು. ಇರಲಿ. ಆರು ವರ್ಷದ ಯೋಸೇಫ ಕುಂಟೋ ಅಪ್ಪನ ಪಕ್ಕ ನಡೆಯೋದನ್ನ ಅವತ್ತೇ ಕಲಿತಿದ್ದ. ಅರಮನೆಯಲ್ಲಿ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಫರೋಹನ ಎದುರು ನಿಂತ ಆ ಮುದುಕ ಮಾಡಿದ್ದೇನು ಗೊತ್ತಾ? ಫರೋಹನನ್ನ ಆಶೀರ್ವದಿಸಿದ. ಒಂದು ಸಲ ಅಲ್ಲ, ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ.

ಆ ತಂಗಿಯ ಮದುವೆ ಮುಂದಿನ ಜನವರಿಗೆ. ಹುಡುಗನಿಗೆ ಅವಳೇ ಫೋನ್ ಮಾಡಿ ಎಲ್ಲಾ ಹೇಳಿದಳು. ಅವನು ಎರಡು ದಿನ ಸುಮ್ಮನಿದ್ದು ಆಮೇಲೆ ಊರಿಗೆ ಬಂದ, ಅಮ್ಮನ ಕೈಯಿಂದ ಕಾಫಿ ಕುಡಿದು ಹೋದ. ಆ ಎರಡು ದಿನ ಅವಳು ಹೇಗಿದ್ದಳು ಅಂತ ನನಗೆ ಗೊತ್ತು, ನಾವು ಮನೆಯವರೆಲ್ಲ ಉಪವಾಸ ಇದ್ದೆವು. ಬೇರೆ ಥರ ಆಗಿದ್ರೆ? ಆಗಿಯೂ ಬಿಡಬಹುದಿತ್ತು. ಹೇಳೋದು ಮಾತ್ರ ಸರಿಯಿತ್ತು.

ನನ್ನ ಮನೆಯ ಸುದ್ದಿ ಒಂದು ಬಾಕಿ ಇದೆ. ಈಗಲೂ ಮಗಳು ಎಣಿಸ್ತಾಳೆ. ನನ್ನ ಕೈಯಲ್ಲಿ ಎಂಟು ಮುಗಿದ ಮೇಲೆ ತನ್ನ ಎರಡು ಬೆರಳು ಪಕ್ಕಕ್ಕೆ ಇಟ್ಟು ಒಂಬತ್ತು, ಹತ್ತು ಅಂತಾಳೆ. ಮೊನ್ನೆ ಅಂಗನವಾಡಿಯಲ್ಲಿ ಒಬ್ಬ ಹುಡುಗ ನನ್ನ ಕೈ ನೋಡಿ ಹೆದರಿದಾಗ ಅವಳೇ ಅವನಿಗೆ ವಿವರಿಸಿದಳಂತೆ, ಮಷಿನ್ನು, ಬೆಲ್ಟು, ಆಸ್ಪತ್ರೆ. ಮೀನಲ್ಲ ಅಂತ ಕೂಡ ಹೇಳಿದಳಂತೆ.

ಎದ್ದು ನಿಲ್ಲೋಣ. ನಿಲ್ಲೋಕೆ ಆಗದವರು ಕೂತೇ ಇರಿ, ದೇವರಿಗೆ ಏನೂ ಕೋಪ ಇಲ್ಲ. ಕೀಬೋರ್ಡಿನ ತಮ್ಮಾ, ಈಗ ಬೇಡ, ಸ್ವಲ್ಪ ಹೊತ್ತು ಸುಮ್ಮನಿರೋಣ. ಇವತ್ತು ನಾನು ಎರಡೂ ಕೈ ಎತ್ತಿ ಪ್ರಾರ್ಥನೆ ಮಾಡ್ತೀನಿ. ಕ್ಯಾಮೆರಾ ಹಿಡಿದವರು ಹಾಗೇ ಹಿಡೀರಿ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಿನ್ನ ಮಗನು ಎದ್ದು ಬಂದ ಮೇಲೂ ಕೈಯ ಗಾಯದ ಗುರುತು ಮುಚ್ಚಿಕೊಳ್ಳಲಿಲ್ಲ. ತೋಮನಿಗೆ ಮುಟ್ಟು ಅಂದನು. ಈ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗೋ ಪ್ರತಿಯೊಬ್ಬರನ್ನ ನಿನ್ನ ಕೈಗೆ ಒಪ್ಪಿಸ್ತೀನಿ. ವಾಲಿ ನಡೆಯೋ ಅಪ್ಪಂದಿರನ್ನ, ಸೆರಗು ಹೊದ್ದುಕೊಂಡ ಅಮ್ಮಂದಿರನ್ನ ಒಪ್ಪಿಸ್ತೀನಿ. ಕರ್ತನೇ, ಆ ಅಂಗಳದಲ್ಲಿ ಆಡ್ತಿರೋ ಹುಡುಗನ ಕಾಲು ನಿನಗೆ ಗೊತ್ತು. ಮುಟ್ಟಿ ಗುಣಪಡಿಸು ಅಂತ ಕೇಳ್ತೀವಿ, ಇವತ್ತೂ ಕೇಳ್ತೀವಿ, ನಾಳೆಯೂ ಕೇಳ್ತೀವಿ. ಅವನು ಇನ್ನೊಮ್ಮೆ ಕೇಳಿದಾಗ ಅವನ ಅಪ್ಪನಿಗೆ ಬಾಯಿ ಕೊಡು, ನನ್ನಂಥವರಿಗೆ ಸುಮ್ಮನಿರೋ ಬುದ್ಧಿ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.